ಎಲೆ ತಿಂದದ್ದು ಯಾರು? ಹಿತ್ತಲ ತರಕಾರಿಯ ಹುಳ ಪತ್ತೆ ಮಾಡಿ ತಡೆಯುವ ಕ್ರಮ

ಹಿತ್ತಲಲ್ಲಿ ತರಕಾರಿ ಬೆಳೆಯುವವರು ಎಲೆಯಲ್ಲಿ ತೂತು ಕಂಡ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಇದಕ್ಕೆ ಎಂತ ಹೊಡೀಬೇಕು?" ಶಿರಸಿಯ ಗೊಬ್ಬರದ ಅಂಗಡಿಯಲ್ಲೂ ಇದೇ ಮಾತು, ಕುಮಟಾದ ಸಂತೆಯಲ್ಲೂ ಇದೇ ಮಾತು. ಆ ಪ್ರಶ್ನೆಗೆ ಉತ್ತರ ಇದೆ. ಆದರೆ ಅದಕ್ಕೂ ಮೊದಲು ತಿಂದದ್ದು ಯಾರು ಅಂತ ತಿಳಿಯಬೇಕು. ಬಸವನಹುಳ ತಿಂದ ಎಲೆಗೆ ಬೇವಿನೆಣ್ಣೆ ಹೊಡೆದರೆ ಎಣ್ಣೆ ದಂಡ. ಕಾಯಿಯ ಒಳಗೆ ಕುಳಿತ ಹುಳಕ್ಕೆ ಎಲೆ ಮೇಲೆ ಔಷಧಿ ಹೊಡೆದರೆ ಶ್ರಮ ದಂಡ. "ಏನು ಹೊಡೆದರೂ ಹೋಗ್ತಾ ಇಲ್ಲ" ಎನ್ನುವ ಮನೆಗಳಲ್ಲಿ ಹೆಚ್ಚಾಗಿ ಆಗಿರುವುದು ಇದೇ. ಔಷಧಿ ಸರಿಯಾಗಿಯೇ ಇರುತ್ತದೆ, ಆದರೆ ಅದು ಬೇರೆ ಯಾರದೋ ಔಷಧಿ.

ಈ ಬರಹ ಉತ್ತರ ಕನ್ನಡದ ಹಿತ್ತಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನಮ್ಮಲ್ಲಿ ಮಳೆ ಜಾಸ್ತಿ. ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಸುರಿಯುತ್ತದೆ. ಬಯಲುಸೀಮೆಗೆ ಹೇಳಿದ ಸಲಹೆಯಲ್ಲಿ ಅರ್ಧದಷ್ಟು ಇಲ್ಲಿ ಮಳೆಗೆ ತೊಳೆದು ಹೋಗುತ್ತದೆ.

ಮೊದಲು ಹಿಕ್ಕೆ ಹುಡುಕಿ

ಹುಳ (ಇಲ್ಲಿ ಬರೀ ಹುಳ ಅಂದರೆ ಹೆಚ್ಚಾಗಿ ಪತಂಗ, ಚಿಟ್ಟೆಗಳ ಮರಿ) ಕಣ್ಣಿಗೆ ಬೀಳದೇ ಇರಬಹುದು. ಅದರ ಬಣ್ಣವೂ ಎಲೆಯ ಬಣ್ಣವೂ ಒಂದೇ. ಎಲೆಯ ಅಡಿಗೆ ಅಂಟಿಕೊಂಡಿರುತ್ತದೆ, ಇಲ್ಲವೇ ಹಗಲೆಲ್ಲ ಮಣ್ಣಿನಲ್ಲಿ ಅಡಗಿರುತ್ತದೆ. ಆದರೆ ತಿಂದ ಮೇಲೆ ಹಿಕ್ಕೆ ಹಾಕಲೇಬೇಕು, ಅಲ್ವಾ? ಹಾಗಾಗಿ ನಾನು ಮೊದಲು ನೋಡುವುದು ಹಿಕ್ಕೆಯನ್ನೇ.

ಹುಳದ ಹಿಕ್ಕೆ ಕಾಳುಕಾಳಾಗಿರುತ್ತದೆ. ಹೊಸದಾದರೆ ಹಸಿರು, ಹಳೆಯದಾದರೆ ಕಪ್ಪು. ಗಸಗಸೆಯಷ್ಟು ಸಣ್ಣದಾಗಿದ್ದರೆ ಹುಳ ಇನ್ನೂ ಮರಿ. ಸಾಸಿವೆಗಿಂತ ದೊಡ್ಡದಾಗಿದ್ದರೆ ಹುಳ ಬಲಿತಿದೆ, ಇವತ್ತೇ ಹುಡುಕಬೇಕು. ಬಸವನಹುಳದ ಹಿಕ್ಕೆ ಕಾಳಿನಂತಿರುವುದಿಲ್ಲ, ಸಣ್ಣ ದಾರದಂತೆ ಸುತ್ತಿಕೊಂಡಿರುತ್ತದೆ. ಜೊತೆಗೆ ಎಲೆಯ ಮೇಲೆ, ನೆಲದ ಮೇಲೆ ಹೊಳೆಯುವ ಲೋಳೆಯ ಗೆರೆ ಇರುತ್ತದೆ.

ಹುಳ ಈಗಲೂ ತಿನ್ನುತ್ತಿದೆಯೋ, ತಿಂದು ಹೋಗಿಯಾಗಿದೆಯೋ ಎನ್ನುವುದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಸಂಜೆ ಗಿಡವನ್ನು ಮೆಲ್ಲಗೆ ಅಲುಗಿಸಿ ಹಳೆಯ ಹಿಕ್ಕೆಯನ್ನೆಲ್ಲ ಬೀಳಿಸಿ. ಬುಡದಲ್ಲಿ ಹಳೆಯ ಪೇಪರ್ ಅಥವಾ ಅಗಲ ಮಾಡಿದ ಅಡಿಕೆ ಹಾಳೆ ಹಾಸಿ. ಬೆಳಿಗ್ಗೆ ಅದರ ಮೇಲೆ ಹಸಿರು ಕಾಳು ಬಿದ್ದಿದ್ದರೆ ಹುಳ ಗಿಡದಲ್ಲೇ ಇದೆ. ಕಾಳು ಬಿದ್ದ ಜಾಗದಿಂದ ನೇರ ಮೇಲಕ್ಕೆ ನೋಡುತ್ತಾ ಹೋಗಿ. ಹುಳ ಬಹಳ ಸಲ ಅಲ್ಲೇ ಸಿಗುತ್ತದೆ. ಏನೂ ಬಿದ್ದಿಲ್ಲವಾದರೆ ಆ ತೂತುಗಳು ಹಳೆಯವು, ಔಷಧಿ ಹೊಡೆಯುವ ಕೆಲಸವೇ ಇಲ್ಲ. ಆಷಾಢದ ಜಡಿಮಳೆಯಲ್ಲಿ ಇದು ನಡೆಯುವುದಿಲ್ಲ. ಹೊಳವಾದ ದಿನ ನೋಡಿ ಮಾಡಬೇಕು.

ಇನ್ನೊಂದು ದಾರಿ, ರಾತ್ರಿ ಊಟದ ನಂತರ ಟಾರ್ಚ್ ಹಿಡಿದು ಒಂದು ಸುತ್ತು ಬರುವುದು. ಹಗಲು ಏನೂ ಕಾಣದ ಗಿಡದಲ್ಲಿ ರಾತ್ರಿ ಎಲ್ಲವೂ ಕಾಣುತ್ತದೆ. ಬಗ್ಗಿ ಎಲೆಯ ಅಡಿಭಾಗ ನೋಡಿ. ಹಾವಿನ ಭಯ ಇರುವ ಜಾಗವಾದರೆ ಬೂಟು ಹಾಕಿಕೊಳ್ಳಿ. ನಮ್ಮ ಹಿತ್ತಲುಗಳಲ್ಲಿ ಇದು ಬರಿಯ ಮಾತಲ್ಲ.

ಹುಳದ ಮೇಲೆ ಸುಮ್ನೆ ಹೊರಿಸುವ ಆರೋಪಗಳು

ಮಳೆಗಾಲದಲ್ಲಿ ಬಸಳೆ, ಹರಿವೆ, ಬದನೆ ಸಸಿ ರಾತ್ರೋರಾತ್ರಿ ಮಾಯವಾದರೆ ಮೊದಲ ಅನುಮಾನ ಬಸವನಹುಳದ ಮೇಲೆ ಇರಲಿ. ಚಿಪ್ಪಿಲ್ಲದ ಜಾತಿಯೂ ಇದೆ, ಅಂಗೈ ತುಂಬುವಷ್ಟು ದೊಡ್ಡ ಆಫ್ರಿಕನ್ ಜಾತಿಯೂ ಇದೆ. ಇವಕ್ಕೆ ಬೇವು, ಬಿ.ಟಿ. (ಹುಳಕ್ಕೆ ಹೊಡೆಯುವ ಬ್ಯಾಕ್ಟೀರಿಯಾದ ಪುಡಿ) ಯಾವುದೂ ನಾಟುವುದಿಲ್ಲ. ಸಂಜೆ ಒದ್ದೆ ಗೋಣಿಚೀಲದ ಅಡಿಗೆ ಪಪ್ಪಾಯಿ ಎಲೆ ಅಥವಾ ಕೋಸಿನ ಎಲೆ ಇಟ್ಟರೆ ಬೆಳಗಿನ ಹೊತ್ತಿಗೆ ಅಲ್ಲಿ ಬಂದು ಸೇರುತ್ತವೆ. ಆರಿಸಿ ಉಪ್ಪುನೀರಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ. ಅವುಗಳ ಲೋಳೆಯಿಂದ ಮನುಷ್ಯರಿಗೂ ರೋಗಾಣು ಬರಬಹುದು. ಬಸವನಹುಳ ಓಡಾಡಿದ ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಬೇಕು.

ಸೌತೆ, ಮೊಗೆ, ಕುಂಬಳದ ಮೊದಲ ಎರಡು ಎಲೆಗಳಲ್ಲಿ ದುಂಡನೆಯ ತೂತು ಬಿದ್ದರೆ ಅದು ಕೆಂಪು ದುಂಬಿಯ ಕೆಲಸ. ಬಿಸಿಲೇರಿದ ಮೇಲೆ ಹತ್ತಿರ ಹೋದರೆ ಹಾರಿಬಿಡುತ್ತದೆ. ಬೆಳಿಗ್ಗೆ ತಂಪಿನಲ್ಲಿ ಮಂದವಾಗಿರುತ್ತದೆ, ಆಗ ಕೈಯಲ್ಲೇ ಹಿಡಿಯಬಹುದು. ಬಚ್ಚಲ ಒಲೆಯ ಬೂದಿ ಜರಡಿ ಹಿಡಿದು, ಎಲೆಯಲ್ಲಿ ಇಬ್ಬನಿ ಇರುವಾಗಲೇ ಉದುರಿಸುವ ಹಳೆಯ ಪದ್ಧತಿ ಈ ದುಂಬಿಗೆ ಒಳ್ಳೆಯದು. ಮಳೆ ಬಂದರೆ ಮತ್ತೆ ಉದುರಿಸಬೇಕು.

ಬದನೆ ಎಲೆಯ ಹಸಿರನ್ನು ಯಾರೋ ಕೆರೆದಂತೆ ತೆಗೆದು, ಬರೀ ಜಾಲರಿ ಉಳಿದಿದ್ದರೆ ತಾಮ್ರದ ಬಣ್ಣದ, ಕಪ್ಪು ಚುಕ್ಕೆಯ ದುಂಬಿಯನ್ನು ಹುಡುಕಿ. ಅದರ ಮರಿ ಹಳದಿ, ಮೈ ತುಂಬ ಮುಳ್ಳು. ಇದನ್ನು ಗಿಡದ ಹೇನು ತಿನ್ನುವ ಗುಲಗಂಜಿ ಹುಳದ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಒಳ್ಳೆಯ ಗುಲಗಂಜಿ ಹುಳ ನುಣುಪಾಗಿ ಹೊಳೆಯುತ್ತದೆ, ಹೇನು ಇರುವಲ್ಲೇ ಓಡಾಡುತ್ತದೆ. ಬದನೆಯ ದುಂಬಿಗೆ ಹೊಳಪು ಕಡಿಮೆ, ಚುಕ್ಕೆ ಜಾಸ್ತಿ.

ಬಸಳೆಯಲ್ಲಿ ಇನ್ನೊಂದು ಮೋಸ ಇದೆ. ಎಲೆಯಲ್ಲಿ ಕೆಂಪು ಅಂಚಿನ ದುಂಡು ಚುಕ್ಕೆ ಬಂದು, ನಡುಭಾಗ ಒಣಗಿ ಉದುರಿ ತೂತಾಗುತ್ತದೆ. ನೋಡಿದವರಿಗೆ ಹುಳ ತಿಂದ ಹಾಗೇ ಕಾಣುತ್ತದೆ. ಇದು ಶಿಲೀಂಧ್ರ ರೋಗ. ತೂತಿನ ಸುತ್ತ ಕೆಂಪು ಬಳೆ ಇದೆಯಾ ನೋಡಿ, ಹಿಕ್ಕೆ ಇಲ್ಲ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ಅಂಥ ಎಲೆ ಕೊಯ್ದು ತೆಗೆಯಿರಿ, ಚಪ್ಪರದಲ್ಲಿ ಗಾಳಿಯಾಡುವಂತೆ ಬಳ್ಳಿ ಬಿಡಿಸಿ, ನೀರನ್ನು ಬುಡಕ್ಕೆ ಮಾತ್ರ ಹಾಕಿ.

ಹಾಗಲ, ಹೀರೆ, ಪಡುವಲದ ಕಾಯಿ ಸೊಟ್ಟಗಾಗಿ, ಅರ್ಧಕ್ಕೇ ಹಳದಿಯಾಗಿ ಕೊಳೆತರೆ ಸೀಳಿ ನೋಡಿ. ಒಳಗೆ ತಲೆಯೂ ಕಾಲೂ ಇಲ್ಲದ ಬಿಳಿ ಮರಿಗಳು ಇದ್ದರೆ ಅದು ಹಣ್ಣಿನ ನೊಣ. ಕೆಲವು ಟಣ್ಣನೆ ಹಾರುತ್ತವೆ ಕೂಡ. ಎಲೆಗೆ ಏನೇ ಹೊಡೆದರೂ ಪ್ರಯೋಜನ ಇಲ್ಲ. ಕ್ಯೂ ಲ್ಯೂರ್ ಎನ್ನುವ ಆಮಿಷದ ಬಲೆ ತೂಗುಹಾಕಬೇಕು. ಮಿಡಿಕಾಯಿಗೆ ಪೇಪರ್ ಚೀಲ ಕಟ್ಟಬೇಕು. ಕೊಳೆತ ಕಾಯಿಯನ್ನು ಒಂದೂವರೆ ಅಡಿ ಆಳಕ್ಕೆ ಹೂಳಬೇಕು. ಗೊಬ್ಬರಗುಂಡಿಯ ಮೇಲೆ ಎಸೆದರೆ ಅಲ್ಲಿಂದಲೇ ಮುಂದಿನ ಹಿಂಡು ಏಳುತ್ತದೆ.

ಸಾಸಿವೆ ಸೊಪ್ಪು, ಮೂಲಂಗಿ ಎಲೆಯಲ್ಲಿ ಕಪ್ಪು ಮಿಶ್ರಿತ ಹಸಿರು ಹುಳ ಇದೆ, ಮುಟ್ಟಿದರೆ ಸುರುಳಿಯಾಗಿ ಬೀಳುತ್ತದೆ ಅಂತಾದರೆ ಅದರ ಹೊಟ್ಟೆಯಡಿಯ ಕಾಲು ಎಣಿಸಿ. ಪತಂಗದ ಹುಳಕ್ಕೆ ಹೊಟ್ಟೆಯಡಿ ಮೆತ್ತನೆಯ ಕಾಲು ಹೆಚ್ಚೆಂದರೆ ಐದು ಜೊತೆ. ಇದಕ್ಕೆ ಎಂಟು ಜೊತೆ ಇರುತ್ತವೆ. ಇದು ಕಣಜದ ಬಳಗದ ಗರಗಸ ನೊಣದ ಮರಿ, ಬಿ.ಟಿ. ಪುಡಿಗೆ ಸಾಯುವುದಿಲ್ಲ. ಇದನ್ನು ಕೈಯಿಂದ ತೆಗೆಯುವುದು ಅಥವಾ ಬೇವು ಹೊಡೆಯುವುದು, ಎರಡೇ ದಾರಿ.

ಗುಲಾಬಿ ಅಥವಾ ಅಲಸಂದೆ ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ಅರ್ಧಚಂದ್ರ ಕಂಡರೆ ಏನೂ ಮಾಡಬೇಡಿ. ಅದು ಎಲೆ ಕತ್ತರಿಸುವ ಜೇನು. ಗೂಡಿಗೆ ಒಯ್ಯುತ್ತದೆ, ಗಿಡಕ್ಕೆ ತೊಂದರೆ ಇಲ್ಲ.

ಬದನೆ: ಕುಡಿ ಬಾಗಿದರೆ ಅಂದೇ ಕತ್ತರಿ ತೆಗೆದುಕೊಳ್ಳಿ

ನಮ್ಮಲ್ಲಿ ಹುಳದ ದೂರು ಅತಿ ಹೆಚ್ಚು ಬರುವುದು ಬದನೆಯಿಂದ. ಕುಡಿ ಮತ್ತು ಕಾಯಿ ಕೊರೆಯುವ ಹುಳ ಅದು. ಸಣ್ಣ ಬಿಳಿ ಪತಂಗ ಎಲೆಯ ಮೇಲೆ, ಕುಡಿಯ ಹತ್ತಿರ ಮೊಟ್ಟೆ ಇಡುತ್ತದೆ. ಮರಿ ಹೊರಬಂದ ಕೆಲವೇ ಗಂಟೆಗಳಲ್ಲಿ ಕುಡಿಯ ಒಳಗೋ ಕಾಯಿಯ ಒಳಗೋ ಹೊಕ್ಕಿಬಿಡುತ್ತದೆ. ಹೊಕ್ಕ ಮೇಲೆ ಹೊರಗಿನಿಂದ ಹೊಡೆದದ್ದು ಯಾವುದೂ ಅದನ್ನು ಮುಟ್ಟುವುದಿಲ್ಲ. ತೂತನ್ನೂ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ.

ಗಿಡ ಇನ್ನೂ ಕಾಯಿ ಬಿಟ್ಟಿಲ್ಲ, ಆದರೆ ತುದಿಯ ಒಂದು ಕುಡಿ ಮಾತ್ರ ಬಾಡಿ ಜೋತುಬಿದ್ದಿದೆ. ಇದು ಮೊದಲ ಗುರುತು. ಬಾಡಿದ ಜಾಗದಿಂದ ಒಂದು ಇಂಚು ಕೆಳಗೆ ಕತ್ತರಿಸಿ, ಸೀಳಿ ನೋಡಿ. ಒಳಗೆ ಗುಲಾಬಿ ಛಾಯೆಯ ಬಿಳಿ ಹುಳ ಸಿಗುತ್ತದೆ. ಸಿಗದೇ ಒಳಗೆ ಟೊಳ್ಳು ಮಾತ್ರ ಇದ್ದರೆ ಇನ್ನೂ ಸ್ವಲ್ಪ ಕೆಳಗೆ ಕತ್ತರಿಸಿ. ಕತ್ತರಿಸಿದ್ದನ್ನು ಗಿಡದ ಬುಡದಲ್ಲಿ ಬಿಡಬೇಡಿ. ಒಲೆಗೆ ಹಾಕಿ, ಇಲ್ಲವೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ.

ಒಂದು ಕುಡಿಯ ಬದಲು ಇಡೀ ಗಿಡವೇ ಹಗಲು ಬಾಡಿ ನಿಂತರೆ ಅದು ಬೇರೆ ಕಥೆ. ನಮ್ಮ ಹುಳಿ ಮಣ್ಣಿನಲ್ಲಿ ಸೊರಗು ರೋಗ ಸಾಮಾನ್ಯ. ಬುಡದ ಹತ್ತಿರದ ಕಾಂಡದ ತುಂಡೊಂದನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಇಳಿದರೆ ರೋಗವೇ ಸರಿ. ಆ ಗಿಡವನ್ನು ಬೇರುಸಹಿತ ಕಿತ್ತು ತೆಗೆಯಬೇಕು. ಅದೇ ಜಾಗದಲ್ಲಿ ಮತ್ತೆ ಬದನೆ, ಟೊಮ್ಯಾಟೊ, ಮೆಣಸಿನಗಿಡ ನೆಡಬಾರದು.

ಕಾಯಿ ಬಿಡಲು ಶುರುವಾದ ಮೇಲೆ ಹುಳ ಕುಡಿ ಬಿಟ್ಟು ಕಾಯಿಗೆ ಬರುತ್ತದೆ. ತೂತು ಬಿದ್ದ ಕಾಯಿ ಎಷ್ಟೇ ಚಿಕ್ಕದಿರಲಿ, ಕೊಯ್ಯಿರಿ. "ಸ್ವಲ್ಪ ದೊಡ್ಡದಾಗಲಿ, ಹಾಳಾದ್ದನ್ನು ಕೊಯ್ದು ಉಳಿದದ್ದು ಪಲ್ಯಕ್ಕೆ ಆಗ್ತದೆ" ಅಂತ ಬಿಟ್ಟರೆ ಹುಳ ಬಲಿತು ಮಣ್ಣಿಗೋ ಒಣಗಿದ ಎಲೆಗೋ ಇಳಿದು ಕೋಶ ಕಟ್ಟುತ್ತದೆ. ತಿಂಗಳೊಳಗೆ ಮತ್ತೆ ಪತಂಗ. ಮೂರು ನಾಲ್ಕು ದಿನಕ್ಕೊಮ್ಮೆ ಎಲ್ಲ ಗಿಡ ನೋಡಿ ಬಾಗಿದ ಕುಡಿ, ತೂತು ಕಾಯಿ ತೆಗೆಯುತ್ತಾ ಹೋದರೆ ಹಾವಳಿ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಈ ಹುಳಕ್ಕೆ ಇದಕ್ಕಿಂತ ಗಟ್ಟಿಯಾದ ಮನೆಮದ್ದು ನನಗೆ ಗೊತ್ತಿಲ್ಲ. ಪಕ್ಕದ ಮನೆಯಲ್ಲೂ ಬದನೆ ಇದ್ದರೆ ಅವರಿಗೂ ಹೇಳಿ. ಪತಂಗಕ್ಕೆ ಬೇಲಿ ಲೆಕ್ಕಕ್ಕಿಲ್ಲ.

ಇದೇ ಹುಳವನ್ನು ತಡೆಯಲೆಂದು ಬಿ.ಟಿ. ಬದನೆ ಎಂಬ ಕುಲಾಂತರಿ ತಳಿ ಬಂದಿತ್ತು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು. ಕೆಳಗೆ ನಾನು ಹೇಳುವ ಬಿ.ಟಿ. ಪುಡಿ ಬೇರೆ. ಅದು ಮಣ್ಣಿನಲ್ಲೇ ಇರುವ ಒಂದು ಬ್ಯಾಕ್ಟೀರಿಯಾದ ಪುಡಿ, ನೀರಿಗೆ ಕಲಸಿ ಎಲೆಗೆ ಹೊಡೆಯುವುದು. ಎರಡನ್ನೂ ಒಂದೇ ಎಂದುಕೊಂಡು ಹೆದರುವವರು ಇದ್ದಾರೆ, ಅದಕ್ಕೇ ಹೇಳಿದೆ.

ಉಳಿದ ಗಿಡಗಳಲ್ಲಿ ಏನು ನೋಡಬೇಕು

ಬೆಂಡೆಯಲ್ಲೂ ಕುಡಿ ಬಾಗಿಸಿ, ಆಮೇಲೆ ಕಾಯಿ ಕೊರೆಯುವ ಹುಳ ಇದೆ. ಕ್ರಮ ಬದನೆಯದೇ. ಬೆಂಡೆ ಎಲೆ ಸುರುಳಿ ಸುತ್ತಿಕೊಂಡು ಒಳಗೆ ಹಿಕ್ಕೆ ತುಂಬಿದ್ದರೆ ಅದು ಎಲೆ ಸುರುಳಿ ಹುಳ. ಸುರುಳಿಯನ್ನು ಬಿಡಿಸುವ ಶ್ರಮ ಬೇಡ, ಹಾಗೇ ಬೆರಳಲ್ಲಿ ಹಿಸುಕಿ.

ಹರಿವೆ ಎಲೆಗಳು ಒಂದಕ್ಕೊಂದು ರೇಷ್ಮೆಯಂಥ ಬಲೆಯಿಂದ ಅಂಟಿಕೊಂಡು, ನಡುವೆ ತೆಳ್ಳಗಿನ ಹಸಿರು ಹುಳ ಇದ್ದರೆ ಅದು ಬಲೆ ಕಟ್ಟುವ ಹುಳ. ಮಳೆ ಕಡಿಮೆಯಾಗಿ ಬಿಸಿಲು ಬರುವಾಗ ಇದರ ಕಾಟ ಜಾಸ್ತಿ. ಹರಿವೆ ಬೇಗ ಬೆಳೆಯುವ ಸೊಪ್ಪು. ಹುಳ ಅಲ್ಲಲ್ಲಿ ಕಂಡರೆ ಕೂಡಲೇ ಇಡೀ ಮಡಿ ಕೊಯ್ದು ಅಡುಗೆಗೆ ಬಳಸಿ, ಹೊಸದಾಗಿ ಬೀಜ ಹಾಕುವುದು ಲೇಸು. ತಿನ್ನುವ ಸೊಪ್ಪಿಗೆ ಔಷಧಿ ಹೊಡೆಯಲು ನನಗೆ ಮನಸ್ಸಾಗುವುದಿಲ್ಲ. ಬೀಜ ಹಾಕಿದ ದಿನವೇ ಹಳೆಯ ಸೊಳ್ಳೆಪರದೆಯನ್ನು ಬಿದಿರಿನ ಕಮಾನಿನ ಮೇಲೆ ಹಾಸಿ, ಅಂಚಿಗೆ ಮಣ್ಣು ಹಾಕಿದರೆ ಪತಂಗ ಒಳಗೆ ಬರುವುದೇ ಇಲ್ಲ.

ಸೌತೆ, ಮೊಗೆ, ತೊಂಡೆ, ಹಾಗಲದಲ್ಲಿ ಎಲೆ ಮಡಚಿಕೊಂಡು, ಒಳಗೆ ಬೆನ್ನ ಮೇಲೆ ಉದ್ದಕ್ಕೆ ಎರಡು ಬಿಳಿ ಗೆರೆ ಇರುವ ಹಸಿರು ಹುಳ ಸಿಕ್ಕರೆ ಕಾಯಿಯನ್ನೂ ತಿರುಗಿಸಿ ನೋಡಿ. ಕಾಯಿ ನೆಲಕ್ಕೆ ಅಥವಾ ಎಲೆಗೆ ತಾಗುವಲ್ಲಿ ಸಿಪ್ಪೆ ಕೆರೆದು ತಿನ್ನುತ್ತದೆ. ಎಲೆ ತಾಗದಂತೆ ಬಿಡಿಸಿಟ್ಟರೆ ಕಾಯಿ ಉಳಿಯುತ್ತದೆ. ಬಳ್ಳಿ ತರಕಾರಿಗೆ ಪರದೆ ಹಾಕುವುದಾದರೆ ಹೂ ಬರುವವರೆಗೆ ಮಾತ್ರ. ಆಮೇಲೆ ತೆಗೆಯದಿದ್ದರೆ ಜೇನು ಬರದೆ ಕಾಯಿ ಕಚ್ಚುವುದಿಲ್ಲ.

ಅಲಸಂದೆಯ ಹೂ, ಮೊಗ್ಗು, ಎಳೆಕಾಯಿ ಒಟ್ಟಿಗೆ ಬಲೆಯಲ್ಲಿ ಸುತ್ತಿಕೊಂಡಿದ್ದರೆ ಚುಕ್ಕೆ ಕಾಯಿಕೊರಕ. ಆ ಗೊಂಚಲನ್ನೇ ಕಿತ್ತು ತೆಗೆಯಿರಿ. ಹೂ ಬಿಡಲು ಶುರುವಾದಾಗಿನಿಂದ ನೋಡಬೇಕು, ಕಾಯಿ ಬಲಿತ ಮೇಲೆ ನೋಡಿ ಫಲವಿಲ್ಲ.

ಕೋಸು, ಹೂಕೋಸು ನಮ್ಮಲ್ಲಿ ಮಳೆ ಮುಗಿದ ಮೇಲಿನ ಬೆಳೆ. ಎಲೆಯಲ್ಲಿ ಸಣ್ಣ ಸಣ್ಣ ಕಿಟಕಿ, ಹುಳ ಮುಟ್ಟಿದರೆ ಮೈ ಕುಣಿಸುತ್ತಾ ನೂಲು ಹಿಡಿದು ಇಳಿದರೆ ಅದು ವಜ್ರಬೆನ್ನಿನ ಪತಂಗದ ಮರಿ. ಇದಕ್ಕೆ ಬಿ.ಟಿ. ಚೆನ್ನಾಗಿ ನಾಟುತ್ತದೆ. ಮಡಿಯ ಅಂಚಿಗೆ ಸಾಸಿವೆ ಬಿತ್ತಿದರೆ ಪತಂಗ ಸಾಸಿವೆಗೆ ಹೆಚ್ಚು ಹೋಗುತ್ತದೆ.

ಸಸಿ ಬುಡದಲ್ಲೇ ಕತ್ತರಿಸಿ ಬಿದ್ದಿದ್ದರೆ, ಸುತ್ತಲಿನ ಮಣ್ಣನ್ನು ಒಂದೆರಡು ಇಂಚು ಬೆರಳಲ್ಲಿ ಕೆದಕಿ. ಬೂದು ಬಣ್ಣದ ದಪ್ಪ ಹುಳ ಸುರುಳಿಯಾಗಿ ಮಲಗಿರುತ್ತದೆ. ಒಂದು ಸಸಿ ಮುಗಿಸಿ ಮರುದಿನ ಪಕ್ಕದ್ದಕ್ಕೆ ಹೋಗುವ ಹುಳ ಇದು. ಅಡಿಕೆ ಹಾಳೆಯನ್ನು ನಾಲ್ಕು ಬೆರಳು ಅಗಲದ ಪಟ್ಟಿ ಮಾಡಿ, ಸಸಿಯ ಸುತ್ತ ಬಳೆಯಂತೆ ಸುತ್ತಿ ಅರ್ಧ ಮಣ್ಣಲ್ಲಿ ಹೂತರೆ ಸಸಿ ಉಳಿಯುತ್ತದೆ. ಸಸಿ ಬಲಿಯುವ ಹೊತ್ತಿಗೆ ಹಾಳೆ ಮಣ್ಣಾಗಿರುತ್ತದೆ.

ಮುಂಡಗೋಡ, ಬನವಾಸಿ ಕಡೆ ಹಿತ್ತಲಲ್ಲೂ ಗೋವಿನಜೋಳ ಹಾಕುವವರು ಸುಳಿಯೊಳಗೆ ನೋಡಬೇಕು. ಮರದ ಹೊಟ್ಟಿನಂಥ ಹಿಕ್ಕೆ ತುಂಬಿದ್ದರೆ ಫಾಲ್ ಸೈನಿಕ ಹುಳ. 2018ರಲ್ಲಿ ಇದು ಭಾರತದಲ್ಲಿ ಮೊದಲು ಕಂಡದ್ದೇ ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ.

ಕರಿಬೇವು, ಲಿಂಬೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳ ಚಿಟ್ಟೆಯ ಮರಿ. ಬಲಿತ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಚಾಚಿ ಕಮಟು ವಾಸನೆ ಬಿಡುತ್ತದೆ. ಗಿಡ ಮೊಣಕಾಲೆತ್ತರ ಇದ್ದರೆ ತೆಗೆದು ದೊಡ್ಡ ಗಿಡಕ್ಕೆ ಬಿಡಿ. ಆಳೆತ್ತರ ಬೆಳೆದ ಕರಿಬೇವಾದರೆ ನಾಲ್ಕು ಹುಳ ತಿಂದರೂ ಮತ್ತೆ ಚಿಗುರುತ್ತದೆ. ಸುಮ್ನೆ ಬಿಟ್ಟುಬಿಡಿ.

ನುಗ್ಗೆ ಮರದ ಕಾಂಡದ ಮೇಲೆ ಹಗಲು ಗುಂಪಾಗಿ ಕೂರುವ ಕಂಬಳಿಹುಳವನ್ನು ಬರಿಗೈಯಲ್ಲಿ ಮುಟ್ಟಬಾರದು. ಉದ್ದ ಕೋಲಿಗೆ ಒದ್ದೆ ಬಟ್ಟೆ ಸುತ್ತಿ ಒತ್ತಿ ತೆಗೆಯಿರಿ, ಅಥವಾ ಸೋಪಿನ ನೀರು ಜೋರಾಗಿ ಹೊಡೆಯಿರಿ. ಮೈಗೆ ತಾಗಿದರೆ ಉಜ್ಜಬೇಡಿ. ಅಂಟುಟೇಪು ಒತ್ತಿ ಎತ್ತಿದರೆ ರೋಮ ಬರುತ್ತದೆ, ಆಮೇಲೆ ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ಹಸ್ತ ಮಳೆ, ಚಿತ್ತೆ ಮಳೆ ಹೊತ್ತಿನ ಹಿಂಡು

ಸೆಪ್ಟೆಂಬರ್ ಕೊನೆಯಿಂದ ಮಳೆ ಬಿಡುವು ಕೊಟ್ಟು ಬಿಸಿಲು ಕಾಣಿಸಿಕೊಳ್ಳುತ್ತದೆ. ಗಿಡಗಳೆಲ್ಲ ಎಳೆಯ ಚಿಗುರಲ್ಲಿ ಇರುತ್ತವೆ. ಈ ಹೊತ್ತಿಗೆ ಸ್ಪೋಡಾಪ್ಟೆರಾ ಎಂಬ ಹುಳ ಯಾವ ಗಿಡವನ್ನೂ ಬಿಡುವುದಿಲ್ಲ. ಬಸಳೆ, ಕೆಸು, ಟೊಮ್ಯಾಟೊ, ಕೋಸು, ಅಲಸಂದೆ ಎಲ್ಲವೂ ಆಗುತ್ತದೆ. ಎಲೆಯ ಅಡಿಯಲ್ಲಿ ಕಂದು ಬಣ್ಣದ ರೋಮ ಮುಚ್ಚಿದ ಒಂದು ತೇಪೆ ಕಂಡರೆ ಅದು ಇದರ ಮೊಟ್ಟೆಯ ರಾಶಿ. ಒಂದೊಂದರಲ್ಲಿ ನೂರಾರು ಮೊಟ್ಟೆ ಇರುತ್ತವೆ. ಮೊಟ್ಟೆಯೊಡೆದ ಮರಿಗಳು ಮೊದಲ ಕೆಲವು ದಿನ ಅದೇ ಎಲೆಯಲ್ಲಿ ಒಟ್ಟಿಗೇ ಇದ್ದು ಹಸಿರನ್ನು ಕೆರೆದು ತಿನ್ನುತ್ತವೆ. ಎಲೆ ದೂರದಿಂದಲೇ ಬಿಳಿಚಿದ ಜಾಲರಿಯಂತೆ ಕಾಣುತ್ತದೆ.

ಹಿಡಿಯಬೇಕಾದ ಕಾಲ ಇದೇ. ಆ ಒಂದು ಎಲೆ ಕಿತ್ತು ಸೋಪಿನ ನೀರಿಗೆ ಹಾಕಿದರೆ ನೂರಾರು ಹುಳ ಒಮ್ಮೆಗೇ ಹೋದವು. ಅದೇ ಹುಳ ಬಲಿತ ಮೇಲೆ ಇಡೀ ಹಿತ್ತಲಿಗೆ ಚದುರಿ, ಹಗಲು ಮಣ್ಣಿನ ಬಿರುಕಿನಲ್ಲಿ, ತರಗೆಲೆಯ ಅಡಿ ಅಡಗಿ, ರಾತ್ರಿ ಮಾತ್ರ ಮೇಲೆ ಬರುತ್ತದೆ. ಆಗ ಹಗಲು ಹೊಡೆದ ಔಷಧಿಯೂ ಅಷ್ಟಾಗಿ ತಾಗುವುದಿಲ್ಲ. ಬೇಲಿಯ ಬದಿ ಒಂದೆರಡು ಹರಳುಗಿಡ ಇದ್ದರೆ ಪತಂಗ ಅದರ ಮೇಲೇ ಹೆಚ್ಚು ಮೊಟ್ಟೆ ಇಡುತ್ತದೆ. ಹರಳಿನ ಎಲೆ ನೋಡಿ ಕಿತ್ತರೆ ಸಾಕು, ತರಕಾರಿ ಬಹಳಷ್ಟು ಉಳಿಯುತ್ತದೆ. ಹರಳಿನ ಬೀಜ ವಿಷ, ಮಕ್ಕಳಿರುವ ಮನೆಯಲ್ಲಿ ಕಾಯಿ ಬಲಿಯುವ ಮೊದಲೇ ಗೊಂಚಲು ಕತ್ತರಿಸಿಬಿಡಿ.

ಏನು ಹೊಡೆಯಬೇಕು, ಹೇಗೆ

ಹೆಕ್ಕುವುದೇ ಮೊದಲ ಮದ್ದು. ನಾಲ್ಕಾರು ಮಡಿಯ ಹಿತ್ತಲಿಗೆ ಬೆಳಗಿನ ಹತ್ತು ನಿಮಿಷ ಸಾಕು. ಹೆಕ್ಕಲಾಗದಷ್ಟು ಇದ್ದರೆ ಮಾತ್ರ ಪಂಪ್ ತೆಗೆಯಿರಿ. ಕಳೆನಾಶಕ ಹೊಡೆದ ಪಂಪನ್ನು ತರಕಾರಿಗೆ ಎಂದೂ ಬಳಸಬೇಡಿ.

ಬೇವಿನ ಬೀಜದ ಕಷಾಯಕ್ಕೆ ಒಂದು ಲೀಟರ್ ನೀರಿಗೆ 50 ಗ್ರಾಂ ತಿರುಳಿನ ಪುಡಿ. ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿ ನೆನೆಸಿ, ಬೆಳಿಗ್ಗೆ ಹಿಂಡಿ ಸೋಸಿ, ಸಂಜೆ ಹೊಡೆಯುವುದು. ಬೇವು ಒಣಸೀಮೆಯ ಮರ, ಘಟ್ಟದ ಮೇಲೆ ಅಪರೂಪ. ಹುಬ್ಬಳ್ಳಿ ಕಡೆ ಹೋದವರು ಬೀಜ ತಂದಿಟ್ಟುಕೊಳ್ಳಬಹುದು. ಇಲ್ಲವಾದರೆ ಬೇವಿನೆಣ್ಣೆ ಲೀಟರಿಗೆ 5 ಮಿ.ಲೀ. ಎಣ್ಣೆ ನೀರಿಗೆ ಬೆರೆಯುವುದಿಲ್ಲ, ಮೊದಲು ಸ್ವಲ್ಪ ಸೋಪಿನ ನೀರಲ್ಲಿ ಕಡೆದು ಹಾಲಿನಂತಾದ ಮೇಲೆ ಉಳಿದ ನೀರು ಸೇರಿಸಿ. ಅಂಟುವಾಳ ಕಾಯಿಯ ನೊರೆನೀರು ಕೂಡ ಆಗುತ್ತದೆ. ಬಿಸಿಲಲ್ಲಿ ಎಣ್ಣೆ ಹೊಡೆದರೆ ಎಲೆ ಸುಡುತ್ತದೆ.

ಬೇವು ಹುಳವನ್ನು ನಿಂತಲ್ಲೇ ಕೊಲ್ಲುವುದಿಲ್ಲ. ತಿನ್ನುವುದನ್ನು ಕಡಿಮೆ ಮಾಡುತ್ತದೆ, ಪೊರೆ ಕಳಚಿ ಬೆಳೆಯುವುದನ್ನು ಕೆಡಿಸುತ್ತದೆ. ಮರುದಿನ ಹುಳ ಎಲೆ ಮೇಲೆ ಇದ್ದರೂ "ಕೆಲಸ ಮಾಡಲಿಲ್ಲ" ಅನ್ನಬೇಡಿ. ಮೇಲೆ ಹೇಳಿದ ಪೇಪರ್ ಹಾಸಿ ಹೊಸ ಹಿಕ್ಕೆ ಬಿದ್ದಿದೆಯಾ ನೋಡಿ. ಹಿಕ್ಕೆ ಕಡಿಮೆಯಾಗಿದ್ದರೆ ಬೇವು ಕೆಲಸ ಮಾಡುತ್ತಿದೆ.

ಬಿ.ಟಿ. ಪುಡಿ ಲೀಟರಿಗೆ 1ರಿಂದ 2 ಗ್ರಾಂ. ಪೊಟ್ಟಣದ ಮೇಲೆ ಬರೆದ ಪ್ರಮಾಣ ಬೇರೆಯಿದ್ದರೆ ಅದನ್ನೇ ಅನುಸರಿಸಿ. ಇದು ಹುಳದ ಹೊಟ್ಟೆಗೆ ಹೋದರೆ ಮಾತ್ರ ಕೆಲಸ. ಹಾಗಾಗಿ ಎಲೆಯ ಅಡಿಭಾಗವೂ ನೆನೆಯಬೇಕು. ತಿಂದ ಹುಳ ಕೆಲವೇ ಗಂಟೆಗಳಲ್ಲಿ ತಿನ್ನುವುದು ನಿಲ್ಲಿಸುತ್ತದೆ, ಎರಡು ಮೂರು ದಿನದಲ್ಲಿ ಕಪ್ಪಾಗಿ ಸಾಯುತ್ತದೆ. ಮರಿಹುಳಕ್ಕೆ ಚೆನ್ನ, ಬಲಿತದ್ದಕ್ಕೆ ಅಷ್ಟಕ್ಕಷ್ಟೆ. ಬಿಸಿಲಿಗೆ ಬೇಗ ಕೆಡುತ್ತದೆ, ಆದ್ದರಿಂದ ಸಂಜೆಯೇ ಹೊಡೆಯಬೇಕು. ದುಂಬಿ, ನೊಣ, ಬಸವನಹುಳಕ್ಕೆ ನಾಟುವುದಿಲ್ಲ. ರೇಷ್ಮೆ ಸಾಕುವವರ ಹಿಪ್ಪುನೇರಳೆ ಹತ್ತಿರ ಬೇಡ.

ಸಂಜೆ ಅನ್ನುವುದಕ್ಕೆ ಇನ್ನೊಂದು ಕಾರಣ ತುಡುವೆ ಜೇನು. ಸೌತೆ, ಕುಂಬಳದ ಹೂವಿಗೆ ಅದು ಬೆಳಿಗ್ಗೆ ಬರುತ್ತದೆ. ಹೀರೆ ಹೂ ಮಾತ್ರ ಸಂಜೆ ಅರಳುತ್ತದೆ, ಹಾಗಾಗಿ ಹೀರೆಗೆ ಹೊಡೆಯುವಾಗ ಹೂ ಬಿಟ್ಟು ಎಲೆಗೆ ಮಾತ್ರ ಹೊಡೆಯಿರಿ.

ಘಟ್ಟದ ಮೇಲಿನ ಮನೆಗಳಲ್ಲಿ ಮಳೆಗಾಲಕ್ಕೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುತ್ತಾರೆ. ಡ್ರಮ್ಮಿನಲ್ಲಿ ಉಳಿದದ್ದನ್ನು "ಹುಳಕ್ಕೂ ಆಗಲಿ" ಅಂತ ತರಕಾರಿಗೆ ಹೊಡೆಯುವ ರೂಢಿ ಇದೆ. ಮೈಲುತುತ್ತ, ಸುಣ್ಣದ ಈ ದ್ರಾವಣ ಶಿಲೀಂಧ್ರಕ್ಕೆ ಮದ್ದು, ಹುಳಕ್ಕೆ ಅಲ್ಲ. ಎಳೆಯ ಬಳ್ಳಿಯ ಎಲೆ ಸುಡುವ ಸಾಧ್ಯತೆಯೂ ಇದೆ. ತಂಬಾಕಿನ ಕಷಾಯವನ್ನೂ ನಾನು ಬೇಡ ಅನ್ನುತ್ತೇನೆ. ನಿಕೋಟಿನ್ ನಮಗೂ ವಿಷ. ಮೇಲಾಗಿ ತಂಬಾಕಿನಿಂದ ಟೊಮ್ಯಾಟೊ, ಮೆಣಸಿನಗಿಡಕ್ಕೆ ಮೊಸಾಯಿಕ್ ವೈರಸ್ ದಾಟಬಹುದು.

ಹುಳದ ಮೈಮೇಲೆ ಅಕ್ಕಿಕಾಳಿನಂಥ ಬಿಳಿ ಗೂಡುಗಳು ಅಂಟಿದ್ದರೆ ಆ ಹುಳವನ್ನು ಕೊಲ್ಲಬೇಡಿ. ಸಣ್ಣ ಕಣಜದ ಮರಿಗಳು ಅದರ ಒಳಗಿದ್ದು ತಿಂದು ಹೊರಬಂದಿವೆ. ಆ ಹುಳ ಹೇಗೂ ಸಾಯುತ್ತದೆ. ಗೂಡಿನಿಂದ ಬರುವ ಕಣಜಗಳು ಉಳಿದ ಹುಳಗಳನ್ನು ಹುಡುಕಿಕೊಂಡು ಹೋಗುತ್ತವೆ. ಚಗಳಿ ಇರುವೆ, ಮಡಿವಾಳ ಹಕ್ಕಿ, ಪಿಕಳಾರ ಎಲ್ಲವೂ ಹುಳ ತಿನ್ನುತ್ತವೆ. ಮಡಿಯ ನಡುವೆ ಕವಲು ಕೋಲು ನೆಟ್ಟರೆ ಹಕ್ಕಿ ಬಂದು ಕೂರುತ್ತದೆ. ಕಂಡದ್ದಕ್ಕೆಲ್ಲ ಘಾಟು ಕೀಟನಾಶಕ ಹೊಡೆಯುವ ಹಿತ್ತಲಿನಲ್ಲಿ ಮೊದಲು ಸಾಯುವುದು ಈ ಕಣಜಗಳೇ. ಆಮೇಲೆ ಹುಳ ಮೊದಲಿಗಿಂತ ಜೋರಾಗಿ ಬರುತ್ತದೆ.

ಹೊಡೆದರೂ ಹೋಗದಿದ್ದರೆ

ಹೊಡೆದು ಎಷ್ಟು ಹೊತ್ತಿಗೆ ಮಳೆ ಬಂತು ಅಂತ ನೆನಪು ಮಾಡಿಕೊಳ್ಳಿ. ಒಂದೆರಡು ಗಂಟೆಯಲ್ಲೇ ಸುರಿದಿದ್ದರೆ ಹೊಡೆದಿಲ್ಲ ಅಂತಲೇ ಲೆಕ್ಕ, ಹೊಳವು ನೋಡಿ ಮತ್ತೆ ಹೊಡೆಯಬೇಕು. ಆಮೇಲೆ ಎಲೆಯ ಅಡಿಭಾಗ ನೆನೆದಿತ್ತಾ ನೋಡಿ. ಬೇವಿನೆಣ್ಣೆ ಹಳೆಯದಾ, ಬಿ.ಟಿ. ಪುಡಿಯ ಅವಧಿ ಮುಗಿದಿದೆಯಾ, ಅಂಗಡಿಯಲ್ಲಿ ಬಿಸಿಲಿಗೆ ಇಟ್ಟಿದ್ದರಾ, ಇವೆಲ್ಲ ವಿಚಾರಿಸಬೇಕಾದ ವಿಷಯ. ಇದೆಲ್ಲ ಸರಿ ಇದ್ದರೆ ಹುಳ ಬಲಿತಿದೆ, ಇಲ್ಲವೇ ಕಾಯಿಯ ಒಳಗಿದೆ, ಇಲ್ಲವೇ ತಿನ್ನುತ್ತಿರುವುದು ಹುಳವೇ ಅಲ್ಲ. ಆಗ ರಾತ್ರಿ ಟಾರ್ಚ್ ಹಿಡಿದು ಮತ್ತೆ ಹೋಗಬೇಕು.

ಆದರೂ ಗೊತ್ತಾಗದಿದ್ದರೆ ಶಿರಸಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲೋ, ನಿಮ್ಮ ತಾಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲೋ ತೋರಿಸಿ. ಬರಿಗೈಯಲ್ಲಿ ಹೋಗಿ "ಹಸಿರು ಹುಳ" ಅಂದರೆ ಯಾರಿಗೂ ಹೇಳಲಾಗದು. ಜೀವಂತ ಹುಳವನ್ನು ಅದೇ ಗಿಡದ ಎಲೆಯ ಜೊತೆ, ಮುಚ್ಚಳಕ್ಕೆ ಸಣ್ಣ ತೂತು ಮಾಡಿದ ಡಬ್ಬಿಯಲ್ಲಿ ಒಯ್ಯಿರಿ. ತಿಂದ ಎಲೆ ಒಂದು, ಕೊರೆದ ಕಾಯಿ ಒಂದು, ಹಿಕ್ಕೆ ಇದ್ದರೆ ಅದನ್ನೂ ಇಟ್ಟುಕೊಳ್ಳಿ. ಯಾವಾಗ ಶುರುವಾಯಿತು, ಏನೇನು ಹೊಡೆದಿದ್ದೀರಿ ಅಂತ ಚೀಟಿಯಲ್ಲಿ ಬರೆದಿಡಿ. ಅವರು ಯಾವುದಾದರೂ ರಾಸಾಯನಿಕ ಬರೆದುಕೊಟ್ಟರೆ, ಹೊಡೆದ ಮೇಲೆ ಎಷ್ಟು ದಿನ ಕೊಯ್ಯಬಾರದು ಎನ್ನುವುದನ್ನು ಅಲ್ಲೇ ಕೇಳಿ, ಅದೇ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.